ಭರತದ ಗಂಟೆ ಕೇಳಿ ಕಲಿತದ್ದು

ಮುಂಬೈ ಹೊರವಲಯದ ಡೊಂಬಿವಲಿ, ಕಲ್ಯಾಣದ ತಗ್ಗು ಬಸ್ತಿಗಳಲ್ಲಿ ಮಳೆಗಾಲದ ಮುನ್ನೆಚ್ಚರಿಕೆ ಮುಟ್ಟಿಸುವ ಕೆಲಸದಿಂದ ನನಗೆ ದಕ್ಕಿದ ಪಾಠಗಳಿವು.

1. ಮಳೆಯ ಜೊತೆಗೆ ತಿಥಿಯನ್ನೂ ಕೇಳಿ. ಉಡುಪಿ ಕರಾವಳಿಯಲ್ಲಿ ಬೆಳೆದ ನನಗೆ ಭರತ–ಇಳಿತ ಗೊತ್ತಿತ್ತು, ಅದರ ಲೆಕ್ಕ ಗೊತ್ತಿರಲಿಲ್ಲ. ಇಲ್ಲಿನ ಕೋಲಿ ಮೀನುಗಾರರು ತಿಥಿಯ ಸಂಖ್ಯೆಯ ಮುಕ್ಕಾಲು ಪಾಲನ್ನು ಭರತದ ಗಂಟೆ ಎಂದು ಎಣಿಸುತ್ತಾರೆ: ಅಷ್ಟಮಿಗೆ ಸುಮಾರು ಆರು, ಏಕಾದಶಿಗೆ ಎಂಟೂಕಾಲು. ಖಾಡಿಯ (ಅಳಿವೆಯ) ಒಳತುದಿಗೆ ನೀರು ಮುಟ್ಟುವುದು ಇನ್ನೂ ತಡ. ಎಷ್ಟು ತಡವೆಂದು ದೋಣಿ ನಡೆಸುವವರೇ ಹೇಳಬೇಕು. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತ ‘ಉಧಾಣ್’, ಅಷ್ಟಮಿ ಸುತ್ತಿನ ಸಣ್ಣದು ‘ಭಾಂಗ್’. ಉಧಾಣದ ಹೊತ್ತಿಗೇ ಜೋರು ಮಳೆ ಹೊಡೆದರೆ ನಾಲೆಯ ನೀರಿಗೆ ಹೊರದಾರಿಯಿಲ್ಲ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಭರತವೂ ಸೇರಿಕೊಂಡಿತ್ತು. ಮಿಲಿಮೀಟರಿನ ಸಂದೇಶ ಮೊಬೈಲಿಗೆ ಬರುತ್ತದೆ. ನೀರು ಇಳಿಯುವ ಗಂಟೆ ಕೇಳಲು ನಾನು ಈಗಲೂ ಖಾಡಿಯ ದಂಡೆಗೇ ಹೋಗುತ್ತೇನೆ.

2. ಎಚ್ಚರಿಕೆ ಕೇಳುವವರ ಬಾಯಿಮಾತಿನಲ್ಲಿರಲಿ. ದಿನಗೂಲಿಗಾಗಿ ಲೇಬರ್ ನಾಕಾದಲ್ಲಿ ನಿಲ್ಲುವ ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಮಂದಿಗೆ ಮರಾಠಿ ಆಡಲು ಬರುತ್ತದೆ, ಓದಲು ಬಾರದು. ಒಂದು ವರ್ಷ ಅವರ ಬಸ್ತಿಯಲ್ಲಿ ಅಚ್ಚುಕಟ್ಟು ಕನ್ನಡದ ಚೀಟಿ ಅಂಟಿಸಿದೆ. “ಇದನ್ನ ಓದಿ ಹೇಳೋರು ಯಾರಪ್ಪ?” ಎಂದು ಒಬ್ಬ ಅಜ್ಜಿ ಕೇಳಿದರು. ಮರುವರ್ಷ ಅದೇ ಬಸ್ತಿಯ ಹೆಣ್ಣುಮಗಳೊಬ್ಬಳ ದನಿಯಲ್ಲಿ ವಾಟ್ಸಾಪ್ ಸಂದೇಶ ಹೋಯಿತು: “ಸಂಜಿ ನಾಕಕ್ಕ ನೀರ ಬರ್ತದ, ರೇಷನ್ ಕಾರ್ಡ, ಕಾಗದಾ ಮ್ಯಾಲ ಇಡ್ರಿ.” ಅದು ನಾನು ಕೊಡುವ ಮೊದಲೇ ಪಕ್ಕದ ಬಸ್ತಿಗೂ ಮುಟ್ಟಿತ್ತು.

3. ತಿಳಿವಳಿಕೆಯನ್ನು ಯಾರಿಂದ ಕೇಳಿ ಪಡೆದೆವೋ, ತೀರ್ಮಾನದ ದಿನವೂ ಅವರನ್ನು ಕರೆಯಬೇಕು. ಮುಂಬೈ ಬಳಿಯ ಉರಣ್‌ನಲ್ಲಿ ಬಂದರಿನ ವಿಸ್ತರಣೆಯಿಂದ ಕಾಂಡ್ಲಾ ಕಾಡು ಹಾಳಾಗಿ ಭರತದ ನೀರಿನ ಓಡಾಟಕ್ಕೆ ಅಡ್ಡಿಯಾದಾಗ ಮೀನುಗಾರರು ಹಸಿರು ನ್ಯಾಯಮಂಡಳಿಗೆ ಹೋಗಬೇಕಾಯಿತು. 2015ರಲ್ಲಿ ಅದು 1,630 ಕುಟುಂಬಗಳಿಗೆ ಸುಮಾರು 95 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ವಾಶಿಯ ಮೂರನೇ ಖಾಡಿ ಸೇತುವೆಯ ವಿಷಯದಲ್ಲೂ ಮೀನುಗಾರರ ಸಹಕಾರಿ ಸಂಘ ಬಾಂಬೆ ಹೈಕೋರ್ಟಿನ ಬಾಗಿಲು ತಟ್ಟಿತು. ನೀರಿನ ದಾರಿ ಬಲ್ಲವರ ಮಾತು ಕೇಳಲು ಕೋರ್ಟಿನ ಸಮನ್ಸ್ ಬೇಕಾಗಬಾರದು.

4. ಬರೆದುಕೊಂಡದ್ದನ್ನು ಹೇಳಿದವರಿಗೇ ಓದಿ ತೋರಿಸಿ. ಒಮ್ಮೆ ಹಾಗೆ ಓದುವಾಗ ಹಿರಿಯ ಮೀನುಗಾರರೊಬ್ಬರು ನನ್ನನ್ನು ತಡೆದರು. ಖಾಡಿಯಲ್ಲಿ ಹೂಳು ತುಂಬಿದ ಮೇಲೆ ನೀರು ಇಳಿಯುವುದು ನಿಧಾನವಂತೆ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ನಾನು ಬರೆದಿದ್ದ ಗಂಟೆಯನ್ನು ತಾವೇ ತಿದ್ದಿದರು.