ಮರಿಗಳ ಹಸಿವಿಗೆ ತಾಯಿಯ ತಟ್ಟೆ ತುಂಬಿಸಿ

ಬೀದಿ ನಾಯಿಯೊಂದು ಕಾಂಪೌಂಡಿನ ಮೂಲೆಯಲ್ಲೋ ಮೆಟ್ಟಿಲಿನ ಕೆಳಗೋ ಮರಿ ಹಾಕಿದಾಗ ವಿದ್ಯಾರ್ಥಿಗಳು ಜೀವಶಾಸ್ತ್ರ ತರಗತಿಯಲ್ಲಿ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಮರಿಗಳಿಗೆ ಏನು ಕೊಡಬೇಕು?" ನನ್ನ ಉತ್ತರವೂ ಒಂದೇ: ಮರಿಗಳಿಗೆ ಏನೂ ಬೇಡ, ತಾಯಿಗೆ ಕೊಡಿ.

ಹುಟ್ಟಿದ ಮರಿಗೆ ಕಣ್ಣು, ಕಿವಿ ಎರಡೂ ಮುಚ್ಚಿರುತ್ತವೆ. ಕಣ್ಣು ತೆರೆಯಲು ಸುಮಾರು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಅದು ತನ್ನ ದೇಹದ ಉಷ್ಣತೆಯನ್ನೂ ಕಾಯ್ದುಕೊಳ್ಳಲಾರದು. ತಾಯಿಯ ಮೈಶಾಖವೇ ಆಧಾರ. ತಾಯಿ ನೆಕ್ಕಿದರೆ ಮಾತ್ರ ಅದು ಮಲಮೂತ್ರ ಮಾಡುತ್ತದೆ. ಮೊದಲ ದಿನದ ಗಿಣ್ಣುಹಾಲಿನಿಂದ ರೋಗನಿರೋಧಕ ಶಕ್ತಿ ಸಿಗುತ್ತದೆ. ಮುದ್ದೆಂದು ಮರಿಯನ್ನು ಎತ್ತಿಕೊಂಡು ಹೋದರೆ ಇವೆಲ್ಲವೂ ಒಮ್ಮೆಲೇ ತಪ್ಪಿಹೋಗುತ್ತವೆ.

ಹಸುವಿನ ಹಾಲೂ ಬದಲಿಯಲ್ಲ. ನಾಯಿಯ ಹಾಲಿನಲ್ಲಿ ಪ್ರೋಟೀನ್ ಮತ್ತು ಕೊಬ್ಬು ಅದಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ. ಹಸುವಿನ ಹಾಲಿನ ಲ್ಯಾಕ್ಟೋಸ್ ಮರಿಗಳಿಗೆ ಭೇದಿ ತರಬಹುದು. ತಾಯಿಯೇ ಇಲ್ಲದ ಮರಿಯಾದರೆ ಮೊದಲು ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟು, ಪಶುವೈದ್ಯರನ್ನು ಕೇಳಿ. ತಣ್ಣಗಾದ ಮರಿಗೆ ಹಾಲು ಕುಡಿಸಬಾರದು.

ಹಾಲೂಡಿಸುವ ಮೂರು-ನಾಲ್ಕನೇ ವಾರದಲ್ಲಿ ತಾಯಿಗೆ ಮಾಮೂಲಿಗಿಂತ ಎರಡರಿಂದ ನಾಲ್ಕು ಪಟ್ಟು ಆಹಾರ ಬೇಕಾಗಬಹುದು. ಅನ್ನದ ಜೊತೆ ಬೇಯಿಸಿದ ಮೊಟ್ಟೆ ಅಥವಾ ಮೂಳೆಯಿಲ್ಲದ ಮಾಂಸವನ್ನು ದಿನಕ್ಕೆ ಮೂರು-ನಾಲ್ಕು ಬಾರಿ ಕೊಡಿ. ಉಳಿದ ಬಿರಿಯಾನಿ ಬೇಡ: ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ, ಬೆಂದ ಮೂಳೆ ಸೀಳಿ ಕರುಳನ್ನು ಚುಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯ ನೀರು, ನೀರಿಲ್ಲದೆ ಹಾಲಿಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನ ಹದೀಸ್ ನಮ್ಮಲ್ಲಿ ಅನೇಕರಿಗೆ ಗೊತ್ತು.

ನಾಯಿಯನ್ನು ಮುಟ್ಟಲು ಸಂಕೋಚವಿರುವವರೂ ಈ ಕೆಲಸ ಮಾಡಬಹುದು. ಮುಟ್ಟದಿರುವುದೇ ಕ್ಷೇಮ, ಏಕೆಂದರೆ ಮರಿ ಹಾಕಿದ ನಾಯಿ ಹತ್ತಿರ ಬಂದವರನ್ನು ಕಚ್ಚಬಹುದು. ತಟ್ಟೆಯನ್ನು ದೂರದಲ್ಲಿಟ್ಟು ಹಿಂದೆ ಸರಿಯಿರಿ. ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಪಡೆಯಿರಿ.

ಎರಡು ಅಪಾಯಗಳನ್ನು ದೂರದಿಂದಲೇ ಗುರುತಿಸಬಹುದು. ತಾಯಿ ಏದುಸಿರು ಬಿಡುತ್ತಾ, ನಡುಗುತ್ತಾ, ಕಾಲು ಸೆಟೆದು ನಡೆಯುತ್ತಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬಹುದು. ಗಂಟೆಗಳಲ್ಲೇ ಪ್ರಾಣ ಹೋಗಬಹುದು. ಮೊಲೆ ಕೆಂಪಾಗಿ ಊದಿಕೊಂಡು, ಮರಿಗಳನ್ನು ದೂರ ತಳ್ಳುತ್ತಿದ್ದರೆ ಅದು ಸೋಂಕಿನ ಲಕ್ಷಣ. ಎರಡಕ್ಕೂ ಪಶುವೈದ್ಯರೇ ಬೇಕು.

ನಾಲ್ಕನೇ ವಾರದಿಂದ ಮರಿಗಳು ಮೆತ್ತಗಿನ ಆಹಾರ ನೆಕ್ಕಲು ಕಲಿಯುತ್ತವೆ. ಜಂತುಹುಳದ ಔಷಧಿಯನ್ನು ವೈದ್ಯರ ಸಲಹೆಯಂತೆ ಎರಡನೇ ವಾರದಿಂದ, ಮೊದಲ ಲಸಿಕೆಯನ್ನು 6ರಿಂದ 8 ವಾರದೊಳಗೆ ಕೊಡಿಸಬೇಕು. ಸಾಕಲು ಮನೆ ಸಿಕ್ಕರೂ ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಗಾಗಿ ಸ್ಥಳೀಯ ನಗರಸಭೆಗೋ ಪಂಚಾಯಿತಿಗೋ ಒಂದು ಅರ್ಜಿ ಕೊಡಿ.