ಸೋತವರು ಹೊರಗೆ

ತುಂಗಭದ್ರೆಯ ದಂಡೆಯ ಮುಕ್ಕುಂದದಿಂದ ಕೆಲವು ಯುವಕರು ಕಳೆದ ಬೇಸಗೆಯಲ್ಲಿ ನನ್ನಲ್ಲಿಗೆ ಬಂದು ಒಂದು ಲೆಕ್ಕವನ್ನು ಕೇಳಿದರು. ಅವರ ಕಬಡ್ಡಿ ಪಂದ್ಯಾವಳಿಗೆ ೨೩ ತಂಡಗಳು ಹೆಸರು ಕೊಟ್ಟಿದ್ದವು. ಇದ್ದುದು ಎರಡು ದಿನ, ಒಂದೇ ಅಂಕಣ. ಸೋತವರು ಹೊರಗೆ ಎಂಬ ಕ್ರಮದಲ್ಲಿ ಆಡಿಸಿದರೆ ಒಟ್ಟು ಎಷ್ಟು ಪಂದ್ಯಗಳಾದಾವು? ನಾನು ಕೂಡಲೇ ೨೨ ಎಂದೆ. ಅವರು ನಂಬದೆ ಕಾಗದದ ಮೇಲೆ ಗೆರೆಗಳನ್ನೆಳೆದು ಎಣಿಸಿ ನೋಡಿದರು.

ಇದರಲ್ಲಿ ಮಂತ್ರವೇನೂ ಇಲ್ಲ. ಪ್ರತಿಯೊಂದು ಪಂದ್ಯವೂ ಒಂದು ತಂಡವನ್ನು, ಕೇವಲ ಒಂದನ್ನು, ಮನೆಗೆ ಕಳುಹಿಸುತ್ತದೆ. ಕಡೆಗೆ ಒಂದೇ ಉಳಿಯಬೇಕಾದರೆ ೨೨ ತಂಡಗಳು ಮನೆಗೆ ಹೋಗಲೇಬೇಕು. ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಡನೆ ಆಡಬೇಕೆಂದಿದ್ದರೆ ೨೫೩ ಪಂದ್ಯಗಳು ಬೇಕಾಗುತ್ತಿದ್ದವು.

ಈ ಸರಳ ಲೆಕ್ಕದ ಬಲವನ್ನು ಕಾಣಬೇಕಾದರೆ ಕೊಡಗಿಗೆ ಹೋಗಬೇಕು. ಪಾಂಡಂಡ ಕುಟ್ಟಪ್ಪನವರು ೧೯೯೭ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದಾಗ ೬೦ ಕುಟುಂಬಗಳು ಆಡಿದ್ದವು. ಅಲ್ಲಿಂದ ಮುಂದೆ ಪ್ರತಿ ಉತ್ಸವದ ಆತಿಥ್ಯವನ್ನು ಒಂದೊಂದು ಕುಟುಂಬವು ವಹಿಸಿಕೊಳ್ಳುತ್ತದೆ. ಕಪ್ಪಿಗೂ ಆ ಕುಟುಂಬದ ಹೆಸರೇ. ೨೦೨೪ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ಪಿಗೆ ೩೬೦ ಕುಟುಂಬಗಳೂ, ೨೦೨೫ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿಗೆ ೩೯೬ ಕುಟುಂಬಗಳೂ ಬಂದವು. ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಕೋಲು ಹಿಡಿದು ಓಡುವ ನೋಟ ಬೇರೆಲ್ಲಿ ದೊರೆಯುವುದೋ ನಾನರಿಯೆ. ೩೯೬ ತಂಡಗಳಲ್ಲಿ ವಿಜೇತರನ್ನು ಆರಿಸಲು ೩೯೫ ಪಂದ್ಯಗಳು ಸಾಕು. ಎಲ್ಲರೂ ಎಲ್ಲರೊಡನೆ ಆಡುವುದಾದರೆ ೭೮,೨೧೦ ಪಂದ್ಯಗಳು!

ಹೀಗೆ ಮಿಗಿಸಿದ ಕಾಲಕ್ಕೆ ಬೆಲೆ ತೆರಬೇಕಾಗುತ್ತದೆ. ಮೊದಲನೆಯ ಬೆಲೆ ‘ಬೈ’. ಸುತ್ತು ಸುತ್ತಿಗೂ ತಂಡಗಳು ಅರ್ಧವಾಗಬೇಕಾದುದರಿಂದ ೧೬, ೩೨, ೬೪ ಮುಂತಾದ ಸಂಖ್ಯೆಗಳು ಮಾತ್ರ ಸಲೀಸಾಗಿ ಹೊಂದುತ್ತವೆ. ೨೩ ತಂಡಗಳಿದ್ದರೆ ೩೨ಕ್ಕೆ ಕೊರತೆ ೯. ಆದುದರಿಂದ ೯ ತಂಡಗಳು ಮೊದಲ ಸುತ್ತನ್ನು ಆಡದೆಯೇ ದಾಟುತ್ತವೆ. ಉಳಿದ ೧೪ ತಂಡಗಳು ೭ ಪಂದ್ಯಗಳನ್ನಾಡಿ, ಗೆದ್ದ ೭ ತಂಡಗಳು ಅವುಗಳನ್ನು ಕೂಡಿಕೊಂಡು ೧೬ ಆಗುತ್ತವೆ.

ನೆರೆಯ ಒಂದು ಊರಿನಲ್ಲಿ ಆತಿಥೇಯ ತಂಡವು ಬೈಯನ್ನು ತಾನೇ ಇರಿಸಿಕೊಂಡಿತೆಂದು ಜಗಳವಾಗಿ, ಪಂದ್ಯಾವಳಿಯೇ ಅರ್ಧಕ್ಕೆ ನಿಂತಿತ್ತಂತೆ. “ಒಂದು ಪಂದ್ಯ ಕಡಿಮೆಯಾದರೆ ಏನು ಮಹಾ?” ಎಂದು ಯುವಕರು ಕೇಳಿದರು. ಒಳ್ಳೆಯ ತಂಡವೊಂದು ಯಾರೊಡನೆ ಆಡಿದರೂ ನೂರಕ್ಕೆ ೬೦ ಸಲ ಗೆಲ್ಲಬಲ್ಲುದೆಂದು ಭಾವಿಸೋಣ. ಬೈ ಇಲ್ಲದಿದ್ದರೆ ಅದು ಸಾಲಾಗಿ ೫ ಪಂದ್ಯಗಳನ್ನು ಗೆಲ್ಲಬೇಕು. ೦.೬ನ್ನು ಐದು ಸಲ ಗುಣಿಸಿದರೆ ಕಪ್ ಗೆಲ್ಲುವ ಸಂಭಾವ್ಯತೆ ನೂರಕ್ಕೆ ಸುಮಾರು ೮. ಬೈ ದೊರೆತರೆ ನಾಲ್ಕೇ ಪಂದ್ಯ. ಆಗ ನೂರಕ್ಕೆ ೧೩. ಜಗಳವಾಡಿದವರು ಗಣಿತವನ್ನರಿಯದಿದ್ದರೂ ನ್ಯಾಯವನ್ನು ಸರಿಯಾಗಿಯೇ ಗ್ರಹಿಸಿದ್ದರು.

ಎರಡನೆಯ ಬೆಲೆ ಅದೃಷ್ಟದ ಆಟ. ಒಳ್ಳೆಯ ತಂಡಕ್ಕೂ ನೂರಕ್ಕೆ ೮ ಎಂದರೆ, ಕಪ್ಪನ್ನು ಎತ್ತಿದವರೇ ಎಲ್ಲರಿಗಿಂತ ಬಲಶಾಲಿಗಳೆಂದು ಹೇಳಲಾಗದು. ಗೋಲುಗಳು ವಿರಳವಾದ ಆಟಗಳಲ್ಲಿ ಇದು ಇನ್ನೂ ಹೆಚ್ಚು. ಪ್ರಯೋಗಶಾಲೆಯಲ್ಲಿ ನಾವು ಬಿಡಿ ಘಟನೆಗಳನ್ನೆಣಿಸುವಾಗ, ಎಣಿಕೆಯ ಏರಿಳಿತವು ಸುಮಾರಾಗಿ ಅದರ ವರ್ಗಮೂಲದಷ್ಟಿರುತ್ತದೆ. ಸರಾಸರಿ ೩ ಗೋಲು ಹೊಡೆಯುವ ತಂಡಕ್ಕೆ ಏರಿಳಿತ ೧.೭, ಅಂದರೆ ಅರ್ಧಕ್ಕಿಂತ ಹೆಚ್ಚು. ೩೬ ಅಂಶ ಗಳಿಸುವ ಕಬಡ್ಡಿ ತಂಡಕ್ಕೆ ಏರಿಳಿತ ೬, ಆರನೆಯ ಒಂದು ಪಾಲು ಮಾತ್ರ.

ಮಂಜುಗಡ್ಡೆಯ ಹಾಕಿಯವರು ಇದಕ್ಕೊಂದು ಪರಿಹಾರವನ್ನು ಕಂಡುಕೊಂಡಿದ್ದಾರೆ. ಬಿಸಿಲ ನಾಡಿನವರಾದ ನಮಗೆ ಆ ಆಟ ದೂರದ್ದು: ಚೆಂಡಿನ ಬದಲು ಮೂರು ಅಂಗುಲ ಅಗಲದ ರಬ್ಬರ್ ಬಿಲ್ಲೆ, ಅದೂ ಪುಟಿಯದಿರಲೆಂದು ಮುಂಚೆಯೇ ಹೆಪ್ಪುಗಟ್ಟುವಷ್ಟು ತಣಿಸಿದ್ದು. ಕೆನಡದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ ೧೮೯೨ರಲ್ಲಿ ಕೊಡಮಾಡಿದ ಕಪ್ಪಿಗಾಗಿ ಈಗ ಉತ್ತರ ಅಮೆರಿಕದ ೧೬ ವೃತ್ತಿಪರ ತಂಡಗಳು ನಾಲ್ಕು ಸುತ್ತುಗಳಲ್ಲಿ ಸೆಣಸುತ್ತವೆ. ಆದರೆ ಪ್ರತಿ ಸುತ್ತಿನಲ್ಲಿಯೂ ಏಳರಲ್ಲಿ ನಾಲ್ಕನ್ನು ಮೊದಲು ಗೆದ್ದವರು ಮುಂದಕ್ಕೆ. ನಮ್ಮ ೬೦ರ ತಂಡವು ಈ ಕ್ರಮದಲ್ಲಿ ಒಂದು ಸುತ್ತನ್ನು ಗೆಲ್ಲುವುದು ನೂರಕ್ಕೆ ೭೧ ಸಲ. ನಾಲ್ಕೂ ಸುತ್ತುಗಳನ್ನು ೨೫ ಸಲ. ಒಂದೊಂದೇ ಪಂದ್ಯವಿದ್ದಿದ್ದರೆ ಇದು ೧೩.

ಇಷ್ಟಾದರೂ ಉತ್ಕಂಠತೆ ಕುಗ್ಗುವುದಿಲ್ಲ. ಸಮಬಲರಾದ ಎದುರಾಳಿಗಳ ಸರಣಿಯು ಏಳನೆಯ ಪಂದ್ಯದವರೆಗೂ ಎಳೆಯುವುದು ಹದಿನಾರರಲ್ಲಿ ಐದು ಸಲ. ಸಮವಾದರೆ ಗೋಲಾಗುವ ತನಕ ಇಪ್ಪತ್ತಿಪ್ಪತ್ತು ನಿಮಿಷಗಳ ಹೆಚ್ಚುವರಿ ಅವಧಿಗಳು. ೧೯೩೬ರ ಮಾರ್ಚಿಯಲ್ಲಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ತಂಡಗಳು ಅರವತ್ತು ನಿಮಿಷ ಗೋಲಿಲ್ಲದೆ ಆಡಿ, ಮತ್ತೆ ೧೧೬ ನಿಮಿಷ ೩೦ ಸೆಕೆಂಡು ಆಡಬೇಕಾಯಿತು. ನಡುರಾತ್ರಿ ಕಳೆದ ಮೇಲೆ ಡೆಟ್ರಾಯಿಟಿನ ಮಡ್ ಬ್ರೂನಟೊ ಒಂದೇ ಒಂದು ಗೋಲು ಹೊಡೆದ.

ಏಳು ಪಂದ್ಯಗಳ ವೈಭವ ಎರಡು ದಿನಗಳಲ್ಲಿ ಸಾಧ್ಯವಿಲ್ಲ. ಅಂತಿಮ ಘಟ್ಟವನ್ನಾದರೂ ಮೂರರಲ್ಲಿ ಎರಡು ಎಂದು ಮಾಡಿರೆಂದೂ, ಬೈಗಳನ್ನು ಎಲ್ಲರೆದುರು ಚೀಟಿಯೆತ್ತಿ ಹಂಚಿರೆಂದೂ ಯುವಕರಿಗೆ ಸೂಚಿಸಿದೆ. ಮೂರರಲ್ಲಿ ಎರಡಾದರೆ ೬೦ರ ತಂಡದ ಅವಕಾಶ ೬೫ಕ್ಕೇರುತ್ತದೆ. ಹೆಚ್ಚೆಂದರೆ ಎರಡು ಪಂದ್ಯಗಳ ಹೊರೆ. ಅವರು ಎರಡನ್ನೂ ಒಪ್ಪಿದರು. ಒಂಬತ್ತು ಚೀಟಿಗಳಲ್ಲಿ ಅವರ ಊರಿನ ತಂಡದ ಹೆಸರು ಬರಲಿಲ್ಲ.