ಕಡಲತೀರದ ನೀರಿನಲ್ಲಿ ಮಲಮಾಲಿನ್ಯ: ವೈರಸ್ ಪರೀಕ್ಷೆಯ ಮುಖ್ಯಾಂಶಗಳು

ಏಕೆ ಬೇಕು?
- ಕೊಳಚೆ ಸೇರಿದ ನೀರಿನಲ್ಲಿ ಮಿಂದವರ ವಾಂತಿ-ಭೇದಿಗೆ ನೊರೊವೈರಸ್‌ನಂಥ ಕರುಳಿನ ವೈರಸ್‌ಗಳು ಮುಖ್ಯ ಕಾರಣ. ತಪಾಸಣೆ ನಡೆಯುವುದು ಮಾತ್ರ ಹೆಚ್ಚಾಗಿ ಬ್ಯಾಕ್ಟೀರಿಯಾಗಳಿಗೆ.
- ಕರುಳಿನ ಹಲವು ವೈರಸ್‌ಗಳು ಬ್ಯಾಕ್ಟೀರಿಯಾಗಳಿಗಿಂತ ಹೆಚ್ಚು ಕಾಲ ಉಪ್ಪುನೀರನ್ನೂ ಕ್ಲೋರಿನ್ನನ್ನೂ ತಾಳಿಕೊಳ್ಳುತ್ತವೆ. ಹಾಗಾಗಿ ಬ್ಯಾಕ್ಟೀರಿಯಾ ವರದಿ ಚೆನ್ನಾಗಿದ್ದರೂ ವೈರಸ್ ಇರಬಹುದು.

ಸೂಚಕ ವೈರಸ್‌ಗಳು (ಮಲ ಬೆರೆತಿರುವ ಸುಳಿವು ಕೊಡುವವು)
- ಕೋಲಿಫೇಜ್: ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೋಂಕು ತಗಲಿಸುವ ವೈರಸ್ (ಫೇಜ್ ಎಂದರೆ ಬ್ಯಾಕ್ಟೀರಿಯಾದ ವೈರಸ್); ಮನುಷ್ಯರಿಗೆ ರೋಗ ತರದು.
- ಕೋಲಿಫೇಜ್‌ಗಳಲ್ಲಿ ಸೊಮ್ಯಾಟಿಕ್ ಗುಂಪು ಬ್ಯಾಕ್ಟೀರಿಯಾದ ಹೊರಗೋಡೆಗೆ ಅಂಟುತ್ತದೆ. ಉದಾ: ಫೈಎಕ್ಸ್174 (ಪೂರ್ತಿ ಓದಲಾದ ಮೊದಲ ಡಿಎನ್ಎ ಜೀನೋಮ್, 1977, ಸ್ಯಾಂಗರ್ ತಂಡ).
- ಎಫ್-ನಿರ್ದಿಷ್ಟ ಗುಂಪು ಬ್ಯಾಕ್ಟೀರಿಯಾದ ಎಳೆಯಂಥ ಪೈಲಸ್‌ಗೆ ಅಂಟುತ್ತದೆ. ಉದಾ: ಎಂಎಸ್2 (ಪೂರ್ತಿ ಓದಲಾದ ಮೊದಲ ಆರ್‌ಎನ್ಎ ಜೀನೋಮ್, 1976, ಫಿಯರ್ಸ್ ತಂಡ).
- ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್: ಮೆಣಸಿನಕಾಯಿ ಗಿಡದ ರೋಗಾಣು, ಊಟದ ಮೂಲಕ ಮನುಷ್ಯರ ಮಲ ಸೇರುತ್ತದೆ.
- ಕ್ರಾಸ್‌ಫೇಜ್: ಮನುಷ್ಯರ ಕರುಳಿನ ಬ್ಯಾಕ್ಟೀರಿಯಾದ ಫೇಜ್; 2014ರಲ್ಲಿ ಮೆಟಾಜಿನೋಮಿಕ್ಸ್‌ನಿಂದ (ಮಾದರಿಯಲ್ಲಿನ ಎಲ್ಲ ಜೀನೋಮ್‌ಗಳನ್ನು ಒಟ್ಟಿಗೆ ಓದುವ ವಿಧಾನ) ಪತ್ತೆ.

ಕೋಲಿಫೇಜ್ ಪರೀಕ್ಷೆ ಹೇಗೆ? (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ವಿಧಾನ 1602)
1. 100 ಮಿ.ಲೀ. ನೀರಿಗೆ ಮೆಗ್ನೀಸಿಯಂ ಕ್ಲೋರೈಡ್ ಹಾಗೂ ಬೆಳೆಯುತ್ತಿರುವ ಇ. ಕೋಲಿ ಬೆರೆಸುವುದು.
2. ಕರಗಿದ ಅಗಾರ್ ಸೇರಿಸಿ ತಟ್ಟೆಗಳಿಗೆ ಹೊಯ್ಯುವುದು.
3. 16–24 ಗಂಟೆ ಕಾವಿನಲ್ಲಿಡುವುದು. ಮಸುಕಾಗಿ ಹರಡಿದ ಬ್ಯಾಕ್ಟೀರಿಯಾ ಪದರದಲ್ಲಿ ಫೇಜ್ ಕೊಂದಲ್ಲೆಲ್ಲ ದುಂಡನೆಯ ತಿಳಿ ಮಚ್ಚೆ (ಪ್ಲಾಕ್) ಮೂಡುತ್ತದೆ.
4. ಮಚ್ಚೆ ಎಣಿಸಿ ಪಿಎಫ್‌ಯು (ಪ್ಲಾಕ್ ರೂಪಿಸುವ ಘಟಕ) ಲೆಕ್ಕದಲ್ಲಿ ಬರೆಯುವುದು.

ಮಾನದಂಡ (ಬೇರೆ ಹೇಳದಿದ್ದಲ್ಲಿ 100 ಮಿ.ಲೀ.ಗೆ ಗರಿಷ್ಠ)
- ಭಾರತದ ಕಡಲಸ್ನಾನದ ನೀರು (ಎಸ್‌ಡಬ್ಲ್ಯು-2 ವರ್ಗ): ಮಲಜನ್ಯ ಕೋಲಿಫಾರ್ಮ್ 100 ಎಂಪಿಎನ್ (ಅತಿ ಸಂಭವನೀಯ ಸಂಖ್ಯೆ).
- ಬ್ಲೂ ಫ್ಲ್ಯಾಗ್ (ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಕಡಲತೀರ: ಇ. ಕೋಲಿ 250, ಎಂಟೆರೊಕಾಕೈ 100 ಸಿಎಫ್‌ಯು (ಕಾಲೊನಿ ರೂಪಿಸುವ ಘಟಕ). ವೈರಸ್‌ಗೆ ಮಿತಿ ಇಲ್ಲ.
- ಕುಡಿಯುವ ನೀರು (ಭಾರತೀಯ ಮಾನಕ ಐಎಸ್ 10500:2012): 1 ಲೀಟರ್‌ನಲ್ಲಿ ಎಂಎಸ್2 ಫೇಜ್ ಇರಕೂಡದು. ಕಂಡುಬಂದರೆ ಹೆಪಟೈಟಿಸ್ ಎ ಮತ್ತು ಎಂಟೆರೊವೈರಸ್‌ಗೆ ಪಿಸಿಆರ್ ಪರೀಕ್ಷೆ.

ಕರ್ನಾಟಕ
- 2020ರ ಅಕ್ಟೋಬರ್‌ನಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಭಾರತದ 8 ಕಡಲತೀರಗಳಲ್ಲಿ ರಾಜ್ಯದ್ದು ಎರಡು: ಕಾಸರಕೋಡು (ಹೊನ್ನಾವರ) ಮತ್ತು ಪಡುಬಿದ್ರಿ (ಉಡುಪಿ).
- ಕಡಲಿನಿಂದ ದೂರದ ಒಳನಾಡಿಗೂ ಈ ವಿಷಯ ಹತ್ತಿರ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡನೇ ಹಂತದ ಸಂಸ್ಕರಣೆಯ ನಂತರ ಹರಿಯುತ್ತಿದೆ. ಉದ್ದೇಶ ಅಂತರ್ಜಲ ಮರುಪೂರಣ. ಅಲ್ಲಿನ ಬೋರ್‌ವೆಲ್ ನೀರು ಕುಡಿಯಲು ಬಳಸಿದರೆ ಐಎಸ್ 10500ರ ಫೇಜ್ ನಿಯಮವೇ ಅಳತೆಗೋಲು.
- ಹೋಲಿಕೆಗೆ: ಐರೋಪ್ಯ ಒಕ್ಕೂಟದ ನಿಯಮ 2020/741ರಂತೆ ಅತ್ಯುನ್ನತ ‘ಎ’ ದರ್ಜೆಯ ಮರುಬಳಕೆ ನೀರಾವರಿಗೆ ಸಂಸ್ಕರಣೆಯು ಕೋಲಿಫೇಜ್‌ಗಳನ್ನು 10 ಲಕ್ಷ ಪಟ್ಟು ತಗ್ಗಿಸಬೇಕು.

ಗೊಂದಲ ಬೇಡ
- ಸಿಎಫ್‌ಯು ಬ್ಯಾಕ್ಟೀರಿಯಾ ಎಣಿಕೆಗೆ. ಪಿಎಫ್‌ಯು ವೈರಸ್ ಎಣಿಕೆಗೆ.
- ಪ್ಲಾಕ್ ಪರೀಕ್ಷೆ ಸೋಂಕು ತಗಲಿಸಬಲ್ಲ ಫೇಜ್‌ಗಳನ್ನಷ್ಟೇ ಎಣಿಸುತ್ತದೆ. ಸಾಮಾನ್ಯ ಪಿಸಿಆರ್ ನಿಷ್ಕ್ರಿಯ ವೈರಸ್‌ನ ತುಣುಕನ್ನೂ ತೋರಿಸುತ್ತದೆ.
- ಸೂಚಕ ಸಿಕ್ಕರೆ ಮಲ ಬೆರೆತಿರುವ ಸುಳಿವು. ರೋಗಕಾರಕ ವೈರಸ್ ಇದೆ ಎಂಬುದಕ್ಕೆ ನೇರ ಪುರಾವೆಯಲ್ಲ.